ದೇಹದಾರ್ಢ್ಯ ಸಾಧನೆಯ ಮೊದಲ ಹೆಜ್ಜೆ: ಅರಿವು ಮತ್ತು ವಿನಯ

ದೃಢವಾದ ಶರೀರವನ್ನು ಪಡೆಯಬೇಕೆಂಬ ಬಯಕೆ ತಾರುಣ್ಯದಲ್ಲಿ ಸಹಜವಾದುದು. ಅದು ಸದಾಶಯವೂ ಹೌದು. ಹೊಲದಲ್ಲಿ ದುಡಿಯುವ ರೈತನಿಗೂ, ಅಂಗಡಿಯಲ್ಲಿ ದಿನವಿಡೀ ಕುಳಿತಿರುವ ವ್ಯಾಪಾರಿಗೂ, ಮನೆಯ ಭಾರವನ್ನು ಹೊತ್ತ ತಾಯಿಗೂ ಮೈಯಲ್ಲಿ ಕಸುವು ಬೇಕು. ಕಸುವಿಲ್ಲದ ಮೈಯಿಂದ ಕಾಯಕವೂ ಸಾಗದು, ಸೇವೆಯೂ ಸಾಗದು. ಆದ್ದರಿಂದ ನಮ್ಮ ತರುಣರು ವ್ಯಾಯಾಮ ಶಾಲೆಗಳತ್ತ, ಅಂದರೆ ಇಂದಿನ ಜಿಮ್‌ಗಳತ್ತ, ಮುಖ ಮಾಡುತ್ತಿರುವುದನ್ನು ಕಂಡು ನಾವು ಸಂತೋಷಪಡುತ್ತೇವೆ.

ಆದರೆ ಈ ಸಂತೋಷದ ಜೊತೆಯಲ್ಲಿಯೇ ಒಂದು ಕಳವಳವೂ ಇದೆ. ಹಿಂದೆ ದೇಹಸಾಧನೆಯ ತಿಳಿವಳಿಕೆ ಕೆಲವೇ ಜನರ ಬಳಿ ಇರುತ್ತಿತ್ತು. ಇಂದು ಅದು ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಯಾವ ಸ್ನಾಯುವಿಗೆ ಯಾವ ವ್ಯಾಯಾಮ, ಎಷ್ಟು ಪ್ರೋಟೀನು, ಎಷ್ಟು ವಿಶ್ರಾಂತಿ ಎಂಬುದನ್ನೆಲ್ಲ ಹದಿನೆಂಟರ ಹುಡುಗನೂ ಒಂದು ವಾರದಲ್ಲಿ ಓದಿ ಮುಗಿಸಬಲ್ಲನು. ಆದರೆ ಮನಸ್ಸು ಒಂದು ವಾರದಲ್ಲಿ ಓದಿದುದನ್ನು ಮೈ ಒಂದು ವಾರದಲ್ಲಿ ಕಲಿಯಲಾರದು. ತಿಳಿವಳಿಕೆ ದೊರೆಯುವ ವೇಗ ಬದಲಾಗಿದೆ. ಮೈ ಬೆಳೆಯುವ ವೇಗ ಬದಲಾಗಿಲ್ಲ. ಈ ಎರಡು ವೇಗಗಳ ನಡುವಿನ ಅಂತರದಲ್ಲಿಯೇ ಹೊಸಬರು ಬೆನ್ನು, ಭುಜ, ಮೊಣಕಾಲುಗಳನ್ನು ನೋಯಿಸಿಕೊಳ್ಳುತ್ತಾರೆ. ಆ ಅಂತರವನ್ನು ದಾಟಿಸುವ ಗುಣವೇ ವಿನಯ. ವಿನಯವೆಂದರೆ ಅಂಜಿಕೆಯಲ್ಲ, ತಿಳಿದುದನ್ನು ತನ್ನ ಮೈ ತಾಳಬಲ್ಲ ಅಳತೆಯಲ್ಲಿ ಆಚರಣೆಗೆ ತರುವ ವಿವೇಕ.

ಗರಡಿಮನೆ ಕಲಿಸಿದ ಪಾಠ

ಈ ವಿವೇಕವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಕರ್ನಾಟಕದ ಊರೂರುಗಳಲ್ಲಿ ಗರಡಿಮನೆಗಳಿದ್ದವು. ಹಲವು ಕಡೆ ಇಂದಿಗೂ ಇವೆ. ಗರಡಿಗೆ ಬಂದವನು ಪಾದರಕ್ಷೆಯನ್ನು ಹೊರಗೆ ಬಿಟ್ಟು, ಮಣ್ಣಿಗೆ ನಮಸ್ಕರಿಸಿ ಒಳಗೆ ಇಳಿಯುತ್ತಾನೆ. ಅಖಾಡದ ಮಣ್ಣನ್ನು ಅಗೆದು ಹದಮಾಡುವುದು ಅಲ್ಲಿನ ಸಾಧನೆಯ ಒಂದು ಅಂಗ. ದಂಡ, ಬಸ್ಕಿಗಳಿಂದ ಮೈ ಹದಗೊಂಡ ಮೇಲೆಯೇ ಭಾರವಾದ ಗದೆಗೆ ಕೈಹಾಕುವುದು ರೂಢಿ. ಉಸ್ತಾದನ ಕಣ್ಣು ಹೊಸಬನ ಉತ್ಸಾಹದ ಮೇಲೆ ಮಾತ್ರವಲ್ಲದೆ ಅವನ ನಡಿಗೆ, ಉಸಿರು, ಬೆವರುಗಳ ಮೇಲೆಯೂ ಇರುತ್ತದೆ.

ಆಯುರ್ವೇದದ ಹಿರಿಯರೂ ಇದೇ ದಾರಿಯನ್ನು ತೋರಿದ್ದಾರೆ. ಸುಶ್ರುತ ಸಂಹಿತೆ ಮತ್ತು ಅಷ್ಟಾಂಗ ಹೃದಯಗಳಲ್ಲಿ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂಬ ನಿಯಮವಿದೆ. ‘ಅರ್ಧಶಕ್ತಿ’ ಎಂಬ ಮಾತಿನ ಸ್ವಾರಸ್ಯವನ್ನು ಗಮನಿಸಬೇಕು. ಇಷ್ಟು ಬಸ್ಕಿ, ಇಷ್ಟು ದಂಡ ಎಂದು ಎಲ್ಲರಿಗೂ ಒಂದೇ ಲೆಕ್ಕವನ್ನು ಅವರು ಕಟ್ಟಿಕೊಡಲಿಲ್ಲ. ಮಾಡುವವನ ಶಕ್ತಿಯನ್ನೇ ಅಳತೆಗೋಲಾಗಿಸಿದರು. ಆ ಅಳತೆಗೋಲು ಇಂದಿಗೂ ಸವೆದಿಲ್ಲ.

ಮೈ ಕಲಿಯುವ ಬಗೆ

ಹೊಸದಾಗಿ ಭಾರ ಎತ್ತತೊಡಗಿದವನಿಗೆ ಮೊದಲ ಮೂರು ನಾಲ್ಕು ವಾರಗಳಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಆರಂಭದಲ್ಲಿ ಹತ್ತು ಕಿಲೋ ಎತ್ತಲು ತೊಡಕಿದ್ದವನು ಸುಲಭವಾಗಿ ಹದಿನೈದು ಕಿಲೋ ಎತ್ತತೊಡಗುತ್ತಾನೆ. ಆದರೆ ತೋಳಿನ ಸುತ್ತಳತೆ ಅಷ್ಟೇ ಇರುತ್ತದೆ. ಸ್ನಾಯು ಬೆಳೆಯದೆ ಬಲ ಹೆಚ್ಚಿದ್ದು ಹೇಗೆ?

1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಈ ವಿಷಯವನ್ನು ಪರಿಶೀಲಿಸಿ ಪ್ರಕಟಿಸಿದರು. ಆರಂಭದ ವಾರಗಳಲ್ಲಿ ಹೆಚ್ಚುವ ಬಲವು ಬಹುಮಟ್ಟಿಗೆ ನರಮಂಡಲದ ಕಲಿಕೆಯಿಂದ ಬಂದುದು. ಸ್ನಾಯುವಿನ ಗಾತ್ರದಿಂದ ಬರುವ ಬಲವು ಅನಂತರ ಮುಂದಕ್ಕೆ ಬರುತ್ತದೆ ಎಂಬುದು ಅವರ ನಿರ್ಣಯದ ಸಾರ. ಮಿದುಳು ಮತ್ತು ನರಗಳು ಇರುವ ಸ್ನಾಯುತಂತುಗಳನ್ನೇ ಇನ್ನಷ್ಟು ಚೆನ್ನಾಗಿ ಒಗ್ಗೂಡಿಸಿ ಕೆಲಸಕ್ಕೆ ಹಚ್ಚುವುದನ್ನು ಕಲಿಯುತ್ತವೆ. ಆದ್ದರಿಂದ ಮೊದಲ ವಾರಗಳು ಅಕ್ಷರಾಭ್ಯಾಸದ ವಾರಗಳು. ಅಕ್ಷರವನ್ನು ವಕ್ರವಾಗಿ ತಿದ್ದಿದ ಮಗುವಿಗೆ ಆ ವಕ್ರತೆಯೇ ರೂಢಿಯಾಗುವಂತೆ, ಬೆನ್ನು ಬಾಗಿಸಿ ಭಾರ ಎತ್ತಿದವನ ನರಗಳಿಗೆ ಬಾಗಿದ ಬೆನ್ನೇ ರೂಢಿಯಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಸ್ನಾಯುವಿಗೆ ರಕ್ತಸಂಚಾರ ಹೇರಳವಾಗಿರುವುದರಿಂದ ಅದು ಬೇಗ ಬಲಗೊಳ್ಳುತ್ತದೆ. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಿಮೆ; ಅವು ನಿಧಾನವಾಗಿ ಗಟ್ಟಿಯಾಗುತ್ತವೆ. ಎತ್ತು ಬಲವಾಗಿದ್ದು ನೊಗದ ಹಗ್ಗ ಇನ್ನೂ ಹಳೆಯದೇ ಆಗಿದ್ದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಎರಡನೆಯ ಮೂರನೆಯ ತಿಂಗಳಲ್ಲಿ, ‘ಈಗ ನನಗೆ ಬಲ ಬಂದಿದೆ’ ಎಂದು ಭಾರವನ್ನು ಒಮ್ಮೆಲೇ ಏರಿಸಿದವನಿಗೆ ಮೊಣಕೈ, ಭುಜ, ಮೊಣಕಾಲುಗಳಲ್ಲಿ ನೋವು ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ.

ತನ್ನ ಮಾತನ್ನು ತಾನೇ ತಿದ್ದಿಕೊಂಡ ವೈದ್ಯ

ಅರಿವು ಮತ್ತು ವಿನಯಗಳು ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಥಾಮಸ್ ಡಿಲಾರ್ಮ್ ಎಂಬುವರು ಅಮೆರಿಕದ ಸೇನೆಯಲ್ಲಿದ್ದ ವೈದ್ಯರು. ಎಳವೆಯಲ್ಲಿ ರುಮ್ಯಾಟಿಕ್ ಜ್ವರದಿಂದ ಬಳಲಿ, ಅನಂತರ ಭಾರ ಎತ್ತುವ ಸಾಧನೆಯಿಂದ ಮೈಯನ್ನು ಗಟ್ಟಿಗೊಳಿಸಿಕೊಂಡವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದ ಸೈನಿಕರ ಕಾಲುಗಳಲ್ಲಿ ಮತ್ತೆ ಬಲ ತುಂಬಲು ಅವರು ಭಾರ ಎತ್ತುವ ವ್ಯಾಯಾಮವನ್ನು ಬಳಸಿದರು. ಭಾರವಾದ ವ್ಯಾಯಾಮವು ಹಾನಿಕರವೆಂದು ಅನೇಕರು ನಂಬಿದ್ದ ಕಾಲವದು. 1945ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಇಂದು ಜಗತ್ತಿನ ಎಲ್ಲ ವ್ಯಾಯಾಮ ಶಾಲೆಗಳಲ್ಲಿ ನಡೆಯುವ, ಭಾರವನ್ನು ಕ್ರಮವಾಗಿ ಏರಿಸುತ್ತ ಹೋಗುವ ಪದ್ಧತಿಯ ಮೂಲಪುರುಷರಲ್ಲಿ ಅವರೊಬ್ಬರು.

ಮೊದಲು ಅವರು ವಿಧಿಸಿದ ಪ್ರಮಾಣ ದೊಡ್ಡದಿತ್ತು. ಹತ್ತು ಸಲದ ಒಂದು ಸುತ್ತಿನಂತೆ ಏಳರಿಂದ ಹತ್ತು ಸುತ್ತು, ಒಟ್ಟು 70ರಿಂದ 100 ಸಲ. ಆ ವಿಧಾನದಿಂದ ಸೈನಿಕರು ಚೇತರಿಸಿಕೊಂಡರು, ಡಿಲಾರ್ಮ್ ಅವರಿಗೆ ಕೀರ್ತಿಯೂ ಬಂದಿತು. ಆದರೆ ಅವರು ನೋಡುವುದನ್ನು ನಿಲ್ಲಿಸಲಿಲ್ಲ. 1948ರಲ್ಲಿ ವಾಟ್ಕಿನ್ಸ್ ಅವರೊಡನೆ ಬರೆದ ಇನ್ನೊಂದು ಲೇಖನದಲ್ಲಿ, ಹಿಂದೆ ಹೇಳಿದ ಪ್ರಮಾಣ ಹೆಚ್ಚಾಯಿತೆಂದು ಅನುಭವದಿಂದ ತಿಳಿದು, ಅದನ್ನು ಮೂರೇ ಸುತ್ತುಗಳಿಗೆ ಇಳಿಸಿದರು. ಒಬ್ಬನು ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನು ಮೊದಲು ಗುರುತಿಸಬೇಕು. ಮೊದಲ ಸುತ್ತು ಅದರ ಅರ್ಧಭಾರದಲ್ಲಿ, ಎರಡನೆಯದು ಮುಕ್ಕಾಲು ಭಾರದಲ್ಲಿ, ಮೂರನೆಯದು ಪೂರ್ಣಭಾರದಲ್ಲಿ. ಆ ಭಾರ 20 ಕಿಲೋ ಆಗಿದ್ದರೆ ಸುತ್ತುಗಳು ಕ್ರಮವಾಗಿ 10, 15, 20 ಕಿಲೋಗಳವು.

ಒಂದು ಶಾಸ್ತ್ರಕ್ಕೆ ತಳಹದಿ ಹಾಕಿದವನೇ ಮೂರು ವರ್ಷಗಳಲ್ಲಿ ತನ್ನ ಲೆಕ್ಕವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿಕೊಂಡನು. ಹಾಗಿರುವಾಗ ಮೂರು ವಾರ ಓದಿದ ನಾವು ನಮ್ಮ ಮೊದಲ ಯೋಜನೆಯನ್ನೇ ಕೊನೆಯ ಮಾತೆಂದು ಹಿಡಿದು ಕುಳಿತುಕೊಳ್ಳುವುದು ಸಲ್ಲದು.

ಮೊದಲ ದಿನದ ಅತಿರೇಕ

ಹತ್ತೊಂಬತ್ತರ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಬಹಳ ದಿನಗಳಿಂದ ವ್ಯಾಯಾಮ ಬಿಟ್ಟವನು. ಗೆಳೆಯರ ಪಂಥಕ್ಕೆ ಬಿದ್ದು ಮೊದಲ ದಿನವೇ ಮುನ್ನೂರು ಬಸ್ಕಿ ಹೊಡೆಯುತ್ತಾನೆ. ಮರುದಿನ ತೊಡೆಗಳು ಕಲ್ಲಿನಂತಾಗುತ್ತವೆ. ಹೊಸ ವ್ಯಾಯಾಮದ ಮರುದಿನದಿಂದ ಎರಡು ಮೂರು ದಿನ ಮೈನೋವು ಬರುವುದು ಸಾಮಾನ್ಯ, ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ನೋವು ವಿಪರೀತವಾಗಿ, ತೊಡೆ ಊದಿಕೊಂಡು, ಮೂತ್ರವು ಕಡುಗಂದು ಬಣ್ಣಕ್ಕೆ, ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ಮೈನೋವಲ್ಲ. ಸ್ನಾಯುತಂತುಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತದಲ್ಲಿ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡತೊಡಗಿರುವುದರ ಸೂಚನೆ ಅದು. ವೈದ್ಯರು ಇದನ್ನು ರ‍್ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ಮನೆಮದ್ದಿಗೆ ಕಾಯದೆ, ಮಾಲೀಸು ಮಾಡಿಸದೆ, ನೋವಿನ ಗುಳಿಗೆಯನ್ನು ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯ ಹಿರಿಯರೂ ಈ ಲಕ್ಷಣಗಳನ್ನು ತಿಳಿದಿರಬೇಕು. ನಾಚಿಕೆಯಿಂದ ಮಗ ಹೇಳದೆ ಇರಬಹುದು.

ಮುನ್ನೂರು ಬಸ್ಕಿ ಮನುಷ್ಯನಿಗೆ ಅಸಾಧ್ಯವೇನಲ್ಲ. ಅದಕ್ಕಿಂತ ಹೆಚ್ಚು ಹೊಡೆಯುವ ಪೈಲ್ವಾನರಿದ್ದಾರೆ. ಅವರ ಮೈ ವರ್ಷಗಟ್ಟಲೆ ಹಂತಹಂತವಾಗಿ ಆ ಸಂಖ್ಯೆಗೆ ಒಗ್ಗಿದೆ. ಬಸ್ಕಿ ಅದೇ, ಸಂಖ್ಯೆಯೂ ಅದೇ. ಒಗ್ಗಿಸಿಕೊಳ್ಳದ ಮೈಗೆ ಅದು ವಿಷವಾಯಿತು.

ಹೋಲಿಕೆ ಎಂಬ ಹೊರೆ

ಹೊಸಬನನ್ನು ಅತಿರೇಕಕ್ಕೆ ದೂಡುವುದು ಬಹುಪಾಲು ಹೋಲಿಕೆ. ಜೊತೆಗೆ ಸೇರಿದ ಗೆಳೆಯನ ತೋಳು ತುಂಬಿಕೊಂಡಿತು, ತನ್ನದು ತುಂಬಲಿಲ್ಲ ಎಂಬ ಸಂಕಟ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಬೆಳಕು ಚೆಲ್ಲುತ್ತದೆ. 585 ಸ್ತ್ರೀಪುರುಷರಿಗೆ 12 ವಾರಗಳ ಕಾಲ ಒಂದೇ ಬಗೆಯ ತೋಳಿನ ವ್ಯಾಯಾಮವನ್ನು ಮಾಡಿಸಲಾಯಿತು. ಕೆಲವರ ಸ್ನಾಯುವಿನ ಗಾತ್ರ ಒಂದಿಷ್ಟೂ ಹೆಚ್ಚಲಿಲ್ಲ, ಕೆಲವರದು ಶೇಕಡಾ 59ರವರೆಗೆ ಹೆಚ್ಚಿತು. ಬಲದಲ್ಲಿಯೂ ಅಷ್ಟೇ: ಏನೂ ಹೆಚ್ಚದವರಿದ್ದರು, ಶೇಕಡಾ 250ರಷ್ಟು ಹೆಚ್ಚಿದವರೂ ಇದ್ದರು. ವ್ಯಾಯಾಮ ಒಂದೇ, ಅವಧಿ ಒಂದೇ. ಫಲ ಮಾತ್ರ ನೂರು ಬಗೆ.

ಒಂದೇ ಮಳೆಗೆ ಎರೆಭೂಮಿಯೂ ಮಸಾರಿಯೂ ಬೇರೆಬೇರೆಯಾಗಿ ಸ್ಪಂದಿಸುವುದನ್ನು ರೈತರಾದ ನಮ್ಮ ಓದುಗರು ಬಲ್ಲರು. ಪಕ್ಕದ ಹೊಲದ ಪೈರನ್ನು ನೋಡಿ ತನ್ನ ಹೊಲಕ್ಕೆ ಇಮ್ಮಡಿ ಗೊಬ್ಬರ ಸುರಿಯುವವನು ಜಾಣನಲ್ಲ. ನಿನ್ನೆಯ ತನ್ನೊಡನೆ ಇಂದಿನ ತನ್ನನ್ನು ಹೋಲಿಸಿಕೊಳ್ಳುವುದೊಂದೇ ಸರಿಯಾದ ಹೋಲಿಕೆ. ಅದಕ್ಕಾಗಿ ಒಂದು ಸಣ್ಣ ವಹಿಯನ್ನಿಟ್ಟು, ದಿನಾಂಕ, ವ್ಯಾಯಾಮ, ಭಾರ, ಸುತ್ತು, ಸಂಖ್ಯೆಗಳನ್ನು ಬರೆದಿಡಬೇಕು. ನೆನಪು ನಮ್ಮನ್ನು ಹೊಗಳುತ್ತದೆ, ವಹಿ ಹೊಗಳುವುದಿಲ್ಲ.

ಮೊದಲ ಹನ್ನೆರಡು ವಾರಗಳು

ಹೊಸಬರು ಅನುಸರಿಸಬಹುದಾದ ಸರಳ ಕ್ರಮವೊಂದನ್ನು ಇಲ್ಲಿ ಕೊಡುತ್ತೇವೆ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೆನ್ನುಮೂಳೆಯ ತೊಂದರೆ ಅಥವಾ ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ವಾರಕ್ಕೆ ಮೂರು ದಿನ ಸಾಕು. ಒಂದು ದಿನ ವ್ಯಾಯಾಮ, ಮರುದಿನ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ಹೇಳಿದೆ. ಪ್ರತಿದಿನವೂ ಮೈಯೆಲ್ಲಕ್ಕೂ ಸಲ್ಲುವ ಐದು ಚಲನೆಗಳನ್ನು ಮಾಡಬೇಕು: ಕುಳಿತೇಳುವುದು, ನೆಲದಿಂದ ಭಾರ ಎತ್ತುವುದು, ಎದೆಯಿಂದ ಮುಂದಕ್ಕೆ ತಳ್ಳುವುದು, ತನ್ನೆಡೆಗೆ ಎಳೆಯುವುದು, ತಲೆಯ ಮೇಲಕ್ಕೆ ಎತ್ತುವುದು. ಜಿಮ್‌ನ ಯಂತ್ರಗಳ ಹೆಸರುಗಳು ನೂರಿದ್ದರೂ ಬಹುಪಾಲು ಈ ಐದರೊಳಗೆ ಅಡಗುತ್ತವೆ.

ಮೊದಲ ಎರಡು ವಾರ ಪ್ರತಿ ಚಲನೆಗೆ ಒಂದೇ ಸುತ್ತು, ಹತ್ತು ಹನ್ನೆರಡು ಸಲ, ತೀರ ಹಗುರವಾದ ಭಾರ. ಜಿಮ್‌ನ ದೊಡ್ಡ ಕಬ್ಬಿಣದ ಸರಳೇ 20 ಕಿಲೋ ತೂಗುತ್ತದೆ. ಅನೇಕರಿಗೆ ಅದೂ ಹೆಚ್ಚಾದೀತು. ಕೋಲು ಹಿಡಿದು ಭಂಗಿಯನ್ನು ಕಲಿಯುವುದರಲ್ಲಿ ಅವಮಾನವೇನೂ ಇಲ್ಲ. ಮೂರನೆಯ ವಾರದಿಂದ ಎರಡು ಸುತ್ತು, ಏಳನೆಯ ವಾರದಿಂದ ಬೇಕಾದರೆ ಮೂರು ಸುತ್ತು. ಸುತ್ತುಗಳ ನಡುವೆ ಎರಡು ನಿಮಿಷ ವಿಶ್ರಾಂತಿ.

ಪ್ರತಿ ಸುತ್ತನ್ನೂ ಇನ್ನು ಎರಡು ಮೂರು ಸಲ ಎತ್ತಬಲ್ಲೆನೆಂಬ ಹಂತದಲ್ಲಿಯೇ ನಿಲ್ಲಿಸಬೇಕು. ಇದು ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾದ ನಿಯಮ, ಎಲ್ಲಕ್ಕಿಂತ ಮುಖ್ಯವಾದುದೂ ಹೌದು. ಎರಡು ವ್ಯಾಯಾಮ ದಿನಗಳಲ್ಲಿ ಭಂಗಿ ಕೆಡದೆ ಹನ್ನೆರಡು ಸಲ ಎತ್ತಲು ಸಾಧ್ಯವಾದರೆ ಮಾತ್ರ ಭಾರವನ್ನು ಏರಿಸಬೇಕು. ಅದೂ ಒಂದೆರಡು ಕಿಲೋ ಅಷ್ಟೇ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಒಳಗೆ ತೆಗೆದುಕೊಳ್ಳಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ, ತಲೆ ಸುತ್ತಿದರೆ, ಎದೆ ಬಿಗಿದರೆ ತಕ್ಷಣ ನಿಲ್ಲಿಸಬೇಕು. ರಾತ್ರಿ ಏಳೆಂಟು ತಾಸಿನ ನಿದ್ರೆಯನ್ನು ವ್ಯಾಯಾಮದ ಭಾಗವೆಂದೇ ಎಣಿಸಬೇಕು; ಎತ್ತುವಾಗ ಮೈ ದಣಿಯುತ್ತದೆ, ಬೆಳೆಯುವುದು ವಿಶ್ರಾಂತಿಯಲ್ಲಿ.

ಈ ಕ್ರಮವನ್ನು ಹನ್ನೆರಡು ವಾರ ಬದಲಿಸಬಾರದು. ಪ್ರತಿ ವಾರ ಹೊಸ ವಿಡಿಯೋ ನೋಡಿ ಹೊಸ ಕ್ರಮಕ್ಕೆ ಹಾರುವವನು ಹತ್ತು ಕಡೆ ಐದೈದು ಅಡಿ ಬಾವಿ ತೋಡಿದವನಂತೆ. ನೀರು ಎಲ್ಲಿಯೂ ಸಿಗದು.

ಅಡುಗೆಮನೆಯಲ್ಲಿರುವ ಬಲ

ಸಸ್ಯಾಹಾರದಿಂದ ದೇಹದಾರ್ಢ್ಯ ಸಾಧ್ಯವೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಸಾಧ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಬೇಕು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಪ್ರಯೋಜನವಿದೆಯೆಂದೂ, ಅದಕ್ಕಿಂತ ಹೆಚ್ಚಿಸಿದರೆ ಸ್ನಾಯುವಿಗೆ ದೊರೆಯುವ ಲಾಭ ಅತ್ಯಲ್ಪವೆಂದೂ ಅಧ್ಯಯನಗಳ ಒಟ್ಟು ಪರಿಶೀಲನೆ ತಿಳಿಸುತ್ತದೆ. 60 ಕಿಲೋ ತೂಗುವವನಿಗೆ ಇದು ದಿನಕ್ಕೆ 50ರಿಂದ 96 ಗ್ರಾಂ ಆಗುತ್ತದೆ.

ನಮ್ಮ ಅಡುಗೆಮನೆಯಲ್ಲಿ ಇದನ್ನು ಕೂಡಿಸಿ ನೋಡೋಣ. ಜೋಳ ಅಥವಾ ಗೋಧಿ ಹಿಟ್ಟು 250 ಗ್ರಾಂ: ಸುಮಾರು 25 ಗ್ರಾಂ ಪ್ರೋಟೀನು. ಬೇಳೆ, ಕಡಲೆ, ಹೆಸರುಕಾಳು ಸೇರಿ ಒಣತೂಕದಲ್ಲಿ 100 ಗ್ರಾಂ: 22 ಗ್ರಾಂ. ಅರ್ಧ ಲೀಟರ್ ಹಾಲು: 16 ಗ್ರಾಂ. ಒಂದು ಬಟ್ಟಲು ಮೊಸರು: 6 ಗ್ರಾಂ. ಶೇಂಗಾ 40 ಗ್ರಾಂ: 10 ಗ್ರಾಂ. ಅಂಗಡಿಯಲ್ಲಿ ಸೋಯಾ ಚಂಕ್ಸ್ ಎಂದು ಸಿಗುವ ತುಣುಕುಗಳು 40 ಗ್ರಾಂ: 20 ಗ್ರಾಂ. ಒಟ್ಟು 99 ಗ್ರಾಂ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರುಗಳ ಊಟದಲ್ಲಿ ಬಹುಪಾಲು ದಾರಿ ಸವೆದೇ ಇದೆ. ಡಬ್ಬಿಯ ಪುಡಿಯು ಅನಿವಾರ್ಯವಲ್ಲ. ಅದು ಹಾಲಿನಿಂದಲೋ ಸಸ್ಯಮೂಲದಿಂದಲೋ ತೆಗೆದ ಪ್ರೋಟೀನು, ಅಷ್ಟೇ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಬಾರದು.

ವಿನಯವೆಂದರೆ ಕುರುಡು ನಂಬಿಕೆಯಲ್ಲ

ಇಲ್ಲಿ ಒಂದು ಸಂದೇಹವನ್ನು ನಿವಾರಿಸಬೇಕು. ವಿನಯದಿಂದಿರಬೇಕೆಂದರೆ ಯಾರು ಏನು ಹೇಳಿದರೂ ಒಪ್ಪಬೇಕೆಂದು ಅರ್ಥವಲ್ಲ. ತರಬೇತುದಾರನಿಗೆ ಗೌರವ ಕೊಡಬೇಕು. ಆದರೆ ‘ಏಕೆ’ ಎಂದು ಕೇಳುವುದು ಅಗೌರವವಲ್ಲ. ತಿಳಿದವನು ಆ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾನೆ.

ಬೇಗ ಮೈ ಕಟ್ಟಿಕೊಡುತ್ತೇನೆಂದು ಇಂಜೆಕ್ಷನ್ನನ್ನೋ ಹೆಸರಿಲ್ಲದ ಗುಳಿಗೆಯನ್ನೋ ಯಾರಾದರೂ ಮುಂದೆ ಹಿಡಿದರೆ ಅಲ್ಲಿ ವಿನಯದ ಮಾತೇ ಇಲ್ಲ, ‘ಬೇಡ’ ಎಂದು ಖಂಡಿತವಾಗಿ ಹೇಳಿ ಹೊರಟುಬರಬೇಕು. ಅನಬಾಲಿಕ್ ಸ್ಟೀರಾಯ್ಡುಗಳು ಸ್ನಾಯುವನ್ನು ಬೆಳೆಸುವುದು ನಿಜ. ಆದರೆ ಹೊರಗಿನಿಂದ ಹಾರ್ಮೋನು ಬಂದಾಗ ದೇಹವು ತನ್ನ ಸ್ವಂತ ಉತ್ಪಾದನೆಯನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗಿ ಸಂತಾನಶಕ್ತಿ ಕುಂದುತ್ತದೆ. ಪುರುಷರಲ್ಲಿ ಸ್ತನ ಬೆಳೆಯಬಹುದು. ಕೆಟ್ಟ ಕೊಲೆಸ್ಟ್ರಾಲು ಏರಿ, ಹೃದಯದ ಗೋಡೆ ದಪ್ಪಗಾಗಿ, ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತಕ್ಕೆ ಎಡೆಯಾಗಬಹುದು. ಗುಳಿಗೆಯ ರೂಪದವು ಯಕೃತ್ತನ್ನು ಕೆಡಿಸುತ್ತವೆ. ಇನ್ನೂ ಬೆಳೆಯುತ್ತಿರುವ ಹುಡುಗರಲ್ಲಿ ಎಲುಬಿನ ಬೆಳವಣಿಗೆ ಅಕಾಲದಲ್ಲಿ ನಿಂತುಹೋಗಬಹುದು. ಇದು ತಾಳ್ಮೆಗೆ ಬದಲಾಗಿ ಆಯುಷ್ಯವನ್ನೇ ತೆರುವ ವ್ಯಾಪಾರ.

ಈ ಸಂಗತಿಯನ್ನು ಮಗನಿಗೆ ಹೇಳಬೇಕಾದವರು ತಂದೆತಾಯಿಗಳೇ. ಜಿಮ್‌ಗೆ ಹೋಗುವುದನ್ನೇ ಗದರಿ ನಿಲ್ಲಿಸಿದರೆ ಅವನು ಮುಚ್ಚಿಟ್ಟು ಹೋಗುತ್ತಾನೆ. ಏನು ತಿನ್ನುತ್ತೀ, ಎಷ್ಟು ಎತ್ತುತ್ತೀ ಎಂದು ಅಕ್ಕರೆಯಿಂದ ವಿಚಾರಿಸುವ ಮನೆಯಲ್ಲಿ ಮುಚ್ಚುಮರೆಗೆ ಅವಕಾಶ ಕಡಿಮೆ. ತಾಯಂದಿರೂ ಹಿರಿಯರೂ ಈ ಸಾಧನೆ ತಮಗಲ್ಲವೆಂದು ದೂರ ನಿಲ್ಲಬೇಕಾಗಿಲ್ಲ. ವಯಸ್ಸಾದಂತೆ ಸ್ನಾಯು ಕರಗುವುದು ಸಹಜ; ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತುಕೊಳ್ಳುವುದೂ ಅವರಿಗೆ ಒಳ್ಳೆಯ ಬಲಸಾಧನೆಯೇ.

ಕೊನೆಯದಾಗಿ

ಹೇಳಿದುದರ ಸಾರವಿಷ್ಟು. ಮೊದಲು ಭಂಗಿ, ಆಮೇಲೆ ಭಾರ. ಶಕ್ತಿ ಇನ್ನೂ ಉಳಿದಿರುವಾಗಲೇ ನಿಲ್ಲಿಸುವುದು. ಒಂದು ಕ್ರಮ, ಹನ್ನೆರಡು ವಾರ, ಒಂದು ವಹಿ. ಮನೆಯೂಟ, ತುಂಬುನಿದ್ರೆ. ಕಡುಗಂದು ಮೂತ್ರ ಕಂಡರೆ ಆಸ್ಪತ್ರೆ. ಅಡ್ಡದಾರಿಯ ಔಷಧಕ್ಕೆ ಎಂದೆಂದಿಗೂ ಬೇಡ.

ಹನ್ನೆರಡು ವಾರಗಳ ಕೊನೆಯಲ್ಲಿ ಕನ್ನಡಿಯಲ್ಲಿ ದೊಡ್ಡ ಬದಲಾವಣೆ ಕಾಣದಿರಬಹುದು. ಆದರೆ ನೀರಿನ ಕೊಡ ಹಗುರವೆನಿಸುತ್ತದೆ. ಮೆಟ್ಟಿಲು ಏರಿದಾಗ ಏದುಸಿರು ಬರುವುದಿಲ್ಲ. ಜೋಳದ ಚೀಲಕ್ಕೆ ಕೈಹಾಕುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಓದಿದ ಅರಿವು ಮೈಗೆ ಇಳಿದುದಕ್ಕೆ ಇದೇ ಗುರುತು. ಅಲ್ಲಿಂದ ಮುಂದಿನ ದಾರಿ ದೀರ್ಘವಾದುದು, ಆದರೆ ಸುರಕ್ಷಿತವಾದುದು. ಸದ್ಭಕ್ತರೆಲ್ಲರ ಮನೆಗಳಲ್ಲಿ ಮಕ್ಕಳ ಮೈಗೆ ಬಲವೂ ಆ ಬಲಕ್ಕೆ ವಿನಯವೂ ಕೂಡಿಬರಲಿ ಎಂದು ಹಾರೈಸುತ್ತೇವೆ.